ಅರವತ್ತು ಸಾವಿರದ ಚೀಟಿ

ಸಂತೆಯಲ್ಲಿ ಎಮ್ಮೆ ಕೊಳ್ಳುವವರು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಆಮೇಲೆ ಕೆಚ್ಚಲು ಮುಟ್ಟುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಕೊಂಬಿಗೆ ಬಳಿದ ಬಣ್ಣಕ್ಕೆ ಮರುಳಾಗಿ ದುಡ್ಡು ಎಣಿಸಿದವನನ್ನು ಊರು ವರ್ಷಗಟ್ಟಲೆ ಆಡಿಕೊಳ್ಳುತ್ತದೆ. ಆದರೆ ಕಂಪ್ಯೂಟರಿಗೆ ಹಲ್ಲೆಲ್ಲಿ, ಕೆಚ್ಚಲೆಲ್ಲಿ? ತಿಪಟೂರಿನ ಮೋಟಾರು ಮೇಸ್ತ್ರಿಯೊಬ್ಬರಿಗೆ 2022ರ ನವೆಂಬರಿನಲ್ಲಿ ಎದುರಾದದ್ದು ಈ ಪ್ರಶ್ನೆ.

ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳ ಹಳೇ ತಂತಿ ಕಿತ್ತು ಹೊಸದಾಗಿ ವೈಂಡಿಂಗ್ ಮಾಡಿಕೊಡುವುದು ಅವರ ಕಸುಬು. ಮೂವತ್ತು ವರ್ಷದಿಂದ ಅದೇ ಅಂಗಡಿ, ಅದೇ ವಾರ್ನಿಷ್ ವಾಸನೆ. ಮಗ ಬಿಸಿಎ ಎರಡನೆಯ ವರ್ಷದಲ್ಲಿದ್ದ. ಅವನಿಗೆ ಗೇಮ್ ಆಡುವ ಕಂಪ್ಯೂಟರ್ ಬೇಕಿತ್ತು. ‘ಓದಿಗೆ ಬೇಕು’ ಎಂದು ಸುಳ್ಳು ಹೇಳದೆ ‘ಆಡುವುದಕ್ಕೆ ಬೇಕು, ಓದಿಗೂ ಆಗುತ್ತದೆ’ ಎಂದು ನೇರವಾಗಿ ಕೇಳಿದ್ದು ಮೇಸ್ತ್ರಿಗೆ ಹಿಡಿಸಿತು. ಎರಡು ರಜೆಯಲ್ಲಿ ಮೊಬೈಲ್ ಅಂಗಡಿಯಲ್ಲಿ ದುಡಿದು 20 ಸಾವಿರ ಕೂಡಿಟ್ಟಿದ್ದ. ಉಳಿದ 40 ಸಾವಿರ ಮನೆಯಾಕೆ ಕಟ್ಟುತ್ತಿದ್ದ ಚೀಟಿಯಿಂದ ಬರಬೇಕು. ಆ ಚೀಟಿ ಎತ್ತಿದರೆ ಅಡುಗೆಮನೆಯ ತಾರಸಿಗೆ ಎಂದು ಮಾತಾಗಿತ್ತು. ಮಳೆ ಬಂದರೆ ಒಲೆಯ ಪಕ್ಕಕ್ಕೇ ಸೋರುತ್ತಿತ್ತು. ಎರಡು ದಿನ ಮಾತಾಡದೆ ಇದ್ದ ಆಕೆ ಮೂರನೆಯ ದಿನ ತಟ್ಟೆಗೆ ಮುದ್ದೆ ಹಾಕುತ್ತಾ, ‘ಇನ್ನೊಂದು ಮಳೆಗಾಲ ಪಾತ್ರೆ ಇಟ್ಟರಾಯ್ತು ಬಿಡಿ’ ಅಂದರು. ಆ ಮಾತಿನಿಂದ ದುಡ್ಡೇನೋ ಸಿಕ್ಕಿತು. ಅದರ ಭಾರವೂ ಹೆಚ್ಚಿತು.

ಮಗನ ಹತ್ತಿರ ಇನ್ನೊಂದು ಚೀಟಿ ಇತ್ತು. ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದ ಬಿಡಿಭಾಗಗಳ ಪಟ್ಟಿ. ಪ್ರೊಸೆಸರ್ ಇಂಟೆಲ್ ಐ5-12400ಎಫ್, 14,500. ಮದರ್‌ಬೋರ್ಡ್ 7,000. ಎಂಟೆಂಟು ಜಿಬಿಯ ಎರಡು ರ‍್ಯಾಮ್ 4,000. 500 ಜಿಬಿ ಎಸ್‌ಎಸ್‌ಡಿ 3,500. ಎಎಂಡಿ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ 24,500. ಎಸ್‌ಎಂಪಿಎಸ್ ಸಮೇತ ಗಾಜಿನ ಕ್ಯಾಬಿನೆಟ್ 4,000. ಹೊಸ ಮಾನಿಟರ್ 9,000. ಕೀಬೋರ್ಡು, ಮೌಸು 1,000. ಒಟ್ಟು 67,500. ಏಳೂವರೆ ಸಾವಿರ ಹೆಚ್ಚು.

‘ಈ ಕಾರ್ಡೊಂದಕ್ಕೇ ಇಷ್ಟಾ?’ ಎಂದು ಮೇಸ್ತ್ರಿ ಬೆರಳಿಟ್ಟರು. ಮಗ ತಿಳಿಸಿ ಹೇಳಿದ. ಗೇಮ್ ಎಂದರೆ ಸೆಕೆಂಡಿಗೆ 60 ಸಲ ಹೊಸದಾಗಿ ಬರೆಯಬೇಕಾದ ಚಿತ್ರ. ಗೋಡೆ, ಮರ, ನೆರಳು, ನೀರಿನ ಮೇಲಿನ ಬಿಸಿಲು ಎಲ್ಲವನ್ನೂ ಬರೆಯುವುದು ಗ್ರಾಫಿಕ್ಸ್ ಕಾರ್ಡು. ಯಾರು ಎಲ್ಲಿದ್ದಾರೆ, ಯಾವ ಗುಂಡು ಯಾರಿಗೆ ತಗುಲಿತು ಎಂಬ ಲೆಕ್ಕ ಪ್ರೊಸೆಸರಿನದು. ಲೆಕ್ಕ ತಡವಾದರೆ ಕಾರ್ಡು ಸುಮ್ಮನೆ ಕಾಯುತ್ತದೆ. ಚಿತ್ರ ತಡವಾದರೆ ಪ್ರೊಸೆಸರ್ ಕಾಯುತ್ತದೆ. ಆದ್ದರಿಂದಲೇ ಇಂಥ ಕಂಪ್ಯೂಟರಿನಲ್ಲಿ ದುಡ್ಡಿನ ದೊಡ್ಡ ಪಾಲು ಕಾರ್ಡಿಗೆ ಹೋದರೂ ಜೊತೆಯದು ತೀರಾ ಸೋಮಾರಿಯಾಗಬಾರದು.

‘ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತು ಅಂದಂಗೆ’ ಅಂದರು ಮೇಸ್ತ್ರಿ. ಮಗನಿಗೆ ಆಶ್ಚರ್ಯ. ಅಪ್ಪನಿಗೆ ಅರ್ಥವಾಗಿತ್ತು.

ಶನಿವಾರ ಬೆಳಗಿನ ರೈಲಿಗೆ ಇಬ್ಬರೂ ಬೆಂಗಳೂರಿಗೆ ಹೊರಟರು. ಎಸ್.ಪಿ. ರಸ್ತೆ ಎಂದು ಎಲ್ಲರ ಬಾಯಲ್ಲಿರುವ ಸಾದರ ಪತ್ರಪ್ಪ ರಸ್ತೆಗೆ ಹೋದವರಿಗೆ ಹೇಳಬೇಕಾಗಿಲ್ಲ. ಹೋಗದವರಿಗೆ ಎಷ್ಟು ಹೇಳಿದರೂ ಸಾಲದು. ಸಣ್ಣ ಸಣ್ಣ ಅಂಗಡಿಗಳು, ಮೇಲೆ ಇನ್ನೊಂದು ಮಹಡಿಯ ಅಂಗಡಿಗಳು, ತಲೆಯ ಮೇಲೆ ರಟ್ಟಿನ ಪೆಟ್ಟಿಗೆ ಹೊತ್ತ ಹುಡುಗರು, ಅವರ ನಡುವೆ ನುಗ್ಗುವ ಸ್ಕೂಟರುಗಳು. ‘ಏನ್ ಬೇಕು ಸಾರ್, ಬನ್ನಿ ಸಾರ್’ ಎಂಬ ಕೂಗು.

ಮೊದಲ ಅಂಗಡಿಯಲ್ಲಿ ಒಂದು ಕಂಪ್ಯೂಟರ್ ತಯಾರಾಗಿಯೇ ಕೂತಿತ್ತು. ಗಾಜಿನ ಮೈ, ಒಳಗೆ ಕಾಮನಬಿಲ್ಲಿನಂತೆ ಬಣ್ಣ ಬದಲಿಸುತ್ತಾ ತಿರುಗುವ ಫ್ಯಾನುಗಳು, ಮೇಲೆ ‘ಐ7’ ಎಂಬ ಚೀಟಿ. ಬೆಲೆ 35 ಸಾವಿರ. ಮಗನ ಐ5ಕ್ಕಿಂತ ದೊಡ್ಡ ಸಂಖ್ಯೆ, ಅರ್ಧದಷ್ಟು ಬೆಲೆ! ಮೇಸ್ತ್ರಿಯ ಕಣ್ಣು ಅರಳಿತು. ಈ ಸಲ ತಡೆದವನು ಮಗ. ಅದು 2013ರಲ್ಲಿ ಬಂದ ನಾಲ್ಕನೆಯ ತಲೆಮಾರಿನ ಐ7. 2022ರ ಜನವರಿಯಲ್ಲಿ ಬಂದ ಹನ್ನೆರಡನೆಯ ತಲೆಮಾರಿನ ಐ3 ಕೂಡ ಅದನ್ನು ಹಿಂದೆ ಹಾಕುತ್ತದೆ. ವಿಂಡೋಸ್ 11 ನಡೆಸಲು ಮೈಕ್ರೋಸಾಫ್ಟ್ ಒಪ್ಪಿರುವ ಪ್ರೊಸೆಸರುಗಳ ಪಟ್ಟಿಯಲ್ಲೂ ಅದು ಇಲ್ಲ. ‘ಹೆಸರು ದೊಡ್ಡದು ಅಪ್ಪ, ವಯಸ್ಸೂ ದೊಡ್ಡದು.’ ಕೊಂಬಿಗೆ ಬಳಿದ ಬಣ್ಣ ಮೇಸ್ತ್ರಿಗೆ ಆಗ ಕಂಡಿತು.

ಎರಡನೆಯ ಅಂಗಡಿಯಲ್ಲಿ ಮರುಳಾಗುವ ಸರದಿ ಮಗನದು. 20 ಸಾವಿರಕ್ಕೆ ಬಳಸಿದ ಕಾರ್ಡೊಂದು ಇತ್ತು. ಪಟ್ಟಿಯಲ್ಲಿದ್ದುದಕ್ಕಿಂತ ಎರಡು ಮೆಟ್ಟಿಲು ಮೇಲಿನದು. ಹಿಂದಿನ ವರ್ಷ ದುಪ್ಪಟ್ಟು ಬೆಲೆ ಕೊಟ್ಟರೂ ಸಿಗದಿದ್ದ ಕಾರ್ಡು ಈಗ ಹೀಗೆ ಅಗ್ಗವಾಗಿ ಬಿದ್ದಿರುವುದಕ್ಕೆ ಕಾರಣವಿತ್ತು. ಈಥೀರಿಯಂ ಎಂಬ ಡಿಜಿಟಲ್ ನಾಣ್ಯವನ್ನು ‘ಅಗೆಯಲು’ ಜಗತ್ತಿನಾದ್ಯಂತ ಜನ ಇಂಥ ಕಾರ್ಡುಗಳನ್ನು ಸಾಲಾಗಿ ಜೋಡಿಸಿ ಹಗಲು ರಾತ್ರಿ ಓಡಿಸುತ್ತಿದ್ದರು. 2022ರ ಸೆಪ್ಟೆಂಬರ್ 15ರಂದು ಆ ನಾಣ್ಯದ ವ್ಯವಸ್ಥೆಯೇ ಬದಲಾಗಿ ಅಗೆತ ನಿಂತಿತು. ಕೆಲಸ ಕಳೆದುಕೊಂಡ ಕಾರ್ಡುಗಳು ಮಾರುಕಟ್ಟೆಗೆ ಬಂದವು.

ಮೇಸ್ತ್ರಿ ಕಾರ್ಡನ್ನು ಕೈಗೆ ತೆಗೆದುಕೊಂಡರು. ಮೂಸಿ ನೋಡಿದರು. ಅದರ ಫ್ಯಾನನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿ ಕಿವಿಯ ಹತ್ತಿರ ಹಿಡಿದರು. ಒಂದು ಫ್ಯಾನು ನುಣ್ಣಗೆ ತಿರುಗಿತು. ಇನ್ನೊಂದು ಕರಕರ ಅಂದಿತು.

‘ಬೇರಿಂಗ್ ಸವೆದಿದೆ. ವಾರಂಟಿ ಎಷ್ಟು ದಿನ?’

‘ಚೆಕಿಂಗ್ ವಾರಂಟಿ ಸಾರ್. ಇಲ್ಲೇ ಹಾಕಿ ತೋರಿಸ್ತೀವಿ.’

‘ಇಲ್ಲಿ ಎಲ್ಲ ಮೋಟಾರೂ ಓಡುತ್ತೆ ಕಣಪ್ಪ. ತೋಟದಲ್ಲಿ ಓಡಬೇಕು’ ಎಂದು ಕಾರ್ಡನ್ನು ಹಿಂದಿಟ್ಟರು. ಹಾಗೆ ದುಡಿದ ಕಾರ್ಡುಗಳೆಲ್ಲ ಕೆಟ್ಟವೆಂದಲ್ಲ. ಆದರೆ ಕೆಟ್ಟರೆ ತಡೆದುಕೊಳ್ಳುವ ಶಕ್ತಿ ಇದ್ದವರು ಕೊಳ್ಳುವ ಮಾಲು ಅದು. ತಾರಸಿಯ ದುಡ್ಡಿನಲ್ಲಿ ಕೊಳ್ಳುವುದಲ್ಲ.

ಮೂರನೆಯ ಅಂಗಡಿಯಲ್ಲಿ ವ್ಯಾಪಾರ ಕುದುರಿತು. ಪಟ್ಟಿಯನ್ನು ಇಳಿಸಬೇಕಾಗಿತ್ತು. ಐ5ಕ್ಕೆ ಬದಲು ಐ3-12100ಎಫ್ ತೆಗೆದುಕೊಂಡರೆ 5,500 ಉಳಿಯುತ್ತದೆ. ಆರು ಕೋರಿನ ಬದಲು ನಾಲ್ಕು. ಆದರೆ ಬೋರ್ಡು ಅದೇ. ಮುಂದೆ ಕೈಯಲ್ಲಿ ದುಡ್ಡಾದಾಗ ಪ್ರೊಸೆಸರ್ ಒಂದನ್ನೇ ಬದಲಿಸಬಹುದು. ಹೊಸ ಮಾನಿಟರಿಗೆ ಬದಲು ಯಾವುದೋ ಆಫೀಸಿನಿಂದ ಬಂದ ಹಳೆಯದು 4,500ಕ್ಕೆ ಸಿಕ್ಕಿತು. ಅದು ಹಾಳಾದರೆ ಅದೊಂದೇ ಹಾಳಾಗುತ್ತದೆ, ಪಕ್ಕದ್ದನ್ನು ಸುಡುವುದಿಲ್ಲ. ಒಂದೇ 16 ಜಿಬಿ ರ‍್ಯಾಮ್ ಹಾಕಿದರೆ ಸ್ವಲ್ಪ ಅಗ್ಗ ಎಂದು ಅಂಗಡಿಯವನು ಹೇಳಿದ. ಎಂಟೆಂಟರ ಎರಡಾದರೆ ಒಂದರ ಬದಲು ಎರಡು ದಾರಿಯಲ್ಲಿ ಮಾಹಿತಿ ಹರಿಯುತ್ತದೆಂದು ಮಗ ಬಿಡಲಿಲ್ಲ. ಲೆಕ್ಕ 57,500ಕ್ಕೆ ಇಳಿಯಿತು. ಇನ್ನೂ ಎರಡೂವರೆ ಸಾವಿರ ಮಿಗುತ್ತಿತ್ತು. ಮಗನ ಮುಖ ಅರಳಿತು.

ಆಗ ಮೇಸ್ತ್ರಿ ಗಾಜಿನ ಕ್ಯಾಬಿನೆಟ್ಟಿನೊಳಗಿದ್ದ ಕಪ್ಪು ಡಬ್ಬಿಯನ್ನು ತೋರಿಸಿ, ‘ಇದೇನು?’ ಎಂದರು.

‘ಎಸ್‌ಎಂಪಿಎಸ್ ಅಪ್ಪ. ಮನೆ ಕರೆಂಟನ್ನು 12 ವೋಲ್ಟಿಗೆ, 5 ವೋಲ್ಟಿಗೆ ಇಳಿಸಿ ಎಲ್ಲದಕ್ಕೂ ಕೊಡುತ್ತೆ. ಕ್ಯಾಬಿನೆಟ್ ಜೊತೆಗೇ ಬರುತ್ತೆ.’

ಅಲ್ಲಿಯವರೆಗೆ ಪರಕೀಯರಂತೆ ನಿಂತಿದ್ದ ಮೇಸ್ತ್ರಿ ತಮ್ಮ ಸ್ವಂತ ಊರಿಗೆ ಬಂದವರಂತಾದರು. ಡಬ್ಬಿಯನ್ನು ಬಿಚ್ಚಿಸಿ ಕೈಯಲ್ಲಿ ತೂಗಿದರು, ಹಗುರ. ಮೇಲೆ 450 ವ್ಯಾಟ್ ಎಂದು ದಪ್ಪಕ್ಷರ. ಪಕ್ಕದಲ್ಲಿ ಸಣ್ಣಕ್ಷರದ ಚೀಟಿಯನ್ನು ಕನ್ನಡಕ ಏರಿಸಿ ಓದಿದರು. ಇನ್‌ಪುಟ್ 200ರಿಂದ 240 ವೋಲ್ಟ್.

‘ಸಂಜೆ ಮೋಟಾರುಗಳೆಲ್ಲ ಶುರುವಾದಾಗ ನಮ್ಮನೇಲಿ ಎಷ್ಟು ವೋಲ್ಟೇಜ್ ಇರುತ್ತೆ?’

ಮಗ ಮಾತಾಡಲಿಲ್ಲ. ಅಂಗಡಿಯ ಮೀಟರು ಎಷ್ಟೋ ಸಂಜೆ 170 ತೋರಿಸುವುದನ್ನು ಅವನೂ ನೋಡಿದ್ದ.

ಅಂಗಡಿಯವನು ಇನ್ನೊಂದು ತೆಗೆದ. 550 ವ್ಯಾಟಿನದು, ‘80 ಪ್ಲಸ್ ಬ್ರಾಂಜ್’ ಎಂಬ ಮುದ್ರೆ. ಗೋಡೆಯಿಂದ ಎಳೆದ ಕರೆಂಟಿನಲ್ಲಿ ನೂರಕ್ಕೆ 80 ಪಾಲಿಗೂ ಹೆಚ್ಚನ್ನು ಒಳಗಿನ ಭಾಗಗಳಿಗೆ ಮುಟ್ಟಿಸುತ್ತದೆ, ಉಳಿದದ್ದಷ್ಟೇ ಬಿಸಿಯಾಗಿ ಹೋಗುತ್ತದೆ ಎಂಬುದಕ್ಕೆ ಗುರುತು. ಇದರ ಚೀಟಿಯಲ್ಲಿ ಇನ್‌ಪುಟ್ 100ರಿಂದ 240. ಬೆಲೆ 4,500. ಇದನ್ನು ಕೊಂಡರೆ ಗಾಜಿನ ಕ್ಯಾಬಿನೆಟ್ ಬಿಟ್ಟು 2,000ದ ತಗಡಿನದು ತೆಗೆದುಕೊಳ್ಳಬೇಕು. ಗಾಜಿಲ್ಲ, ದೀಪವಿಲ್ಲ. ಅಲ್ಲಿಗೆ ಸರಿಯಾಗಿ 60 ಸಾವಿರ.

‘ಕಾರ್ಡು 132 ವ್ಯಾಟ್, ಎಲ್ಲ ಸೇರಿದರೂ 250 ದಾಟಲ್ಲಪ್ಪ. ಅದೇ ಸಾಕಾಗುತ್ತೆ’ ಎಂದು ಮಗ ಕೊನೆಯ ಪ್ರಯತ್ನ ಮಾಡಿದ.

‘ಮೂರನೇ ಒಂದು ಎಚ್‌ಪಿ’ ಎಂದು ಮೇಸ್ತ್ರಿ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಒಂದು ಎಚ್‌ಪಿ ಎಂದರೆ 746 ವ್ಯಾಟ್. ‘ನಾಲ್ಕು ಗಂಟೆ ಆಡಿದರೆ ಒಂದು ಯೂನಿಟ್ಟು. ಅದಕ್ಕಲ್ಲ ಕಣೋ. ಇದನ್ನೇ ಹಾಕ್ರಿ’ ಎಂದು ಭಾರದ ಡಬ್ಬಿಯನ್ನು ಅಂಗಡಿಯವನ ಮುಂದಿಟ್ಟರು.

ಸಂಜೆಯ ರೈಲಿನಲ್ಲಿ ಮಗ ಮಾನಿಟರನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ಮುಖ ಮಾಡಿದ್ದ. ತುಮಕೂರು ದಾಟುವವರೆಗೂ ಮಾತಿಲ್ಲ. ಗುಬ್ಬಿ ಬರುವ ಹೊತ್ತಿಗೆ ಮೇಸ್ತ್ರಿ ತಾವಾಗಿಯೇ ಶುರು ಮಾಡಿದರು. ಅಂಗಡಿ ತೆರೆದ ಮೊದಲ ವರ್ಷದ ಮಾತು. ರೈತರೊಬ್ಬರು ಮೋಟಾರು ತಂದಿದ್ದರು. ಕೈಯಲ್ಲಿ ದುಡ್ಡು ಕಡಿಮೆ, ಅವರಿಗೂ, ಇವರಿಗೂ. ತಾಮ್ರದ ತಂತಿಗೆ ಬದಲು ಅಲ್ಯುಮಿನಿಯಂ ತಂತಿ ಸುತ್ತಿಕೊಟ್ಟರು. ಹೊರಗೆ ಹೊಸ ಬಣ್ಣ ಹೊಡೆದರು. ಹದಿನೈದನೆಯ ದಿನ ವೋಲ್ಟೇಜ್ ಇಳಿದಿದ್ದ ರಾತ್ರಿ ಮೋಟಾರು ಸುಟ್ಟಿತು. ಕಾಯಿ ಕಚ್ಚಿದ್ದ ಟೊಮ್ಯಾಟೊ ಒಣಗಿತು.

‘ಬಂದು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಮೋಟಾರು ತಗೊಂಡು ಅರಸೀಕೆರೆಗೆ ಹೋದರು. ನಾನು ಉಳಿಸಿದ್ದು ಎಷ್ಟು ಗೊತ್ತಾ? ನೂರಾ ಎಂಬತ್ತು ರೂಪಾಯಿ.’

ಮಗ ಕಿಟಕಿಯಿಂದ ಮುಖ ತಿರುಗಿಸಿದ. ಅಪ್ಪನ ಅಂಗಡಿಯಲ್ಲಿ ಅಲ್ಯುಮಿನಿಯಂ ತಂತಿ ಯಾಕೆ ಇಡುವುದಿಲ್ಲ ಎಂಬುದು ಅವನಿಗೆ ಅವತ್ತು ತಿಳಿಯಿತು.

ಕೈಬಿಗಿಯ ಸಂಸಾರದಲ್ಲಿ ಎಲ್ಲವನ್ನೂ ಸಮನಾಗಿ ಕಡಿಮೆ ಮಾಡುವುದು ಉಳಿತಾಯವಲ್ಲ. ಕಡಿಮೆ ಮಾಡಿದರೆ ತಾನೊಂದೇ ನಿಧಾನವಾಗುವ ವಸ್ತು ಬೇರೆ, ತಾನು ಬೀಳುವಾಗ ನಾಲ್ಕನ್ನು ಎಳೆದುಕೊಂಡು ಬೀಳುವ ವಸ್ತು ಬೇರೆ. ಮೊದಲನೆಯದರಲ್ಲಿ ಜಿಪುಣರಾಗಬಹುದು. ಎರಡನೆಯದು ಸಾಮಾನ್ಯವಾಗಿ ಕಪ್ಪಗೆ, ಯಾರಿಗೂ ಕಾಣದೆ ಮೂಲೆಯಲ್ಲಿ ಇರುತ್ತದೆ. ಮೂಗಿಗಿಂತ ಮೂಗುತಿ ಭಾರವಾಗುವುದು ನಾವು ಈ ಮೂಲೆಯನ್ನು ಮರೆತಾಗ.

ಕಂಪ್ಯೂಟರ್ ನೋಡಿದ ಮನೆಯಾಕೆ, ‘ಅರವತ್ತು ಸಾವಿರಕ್ಕೆ ಒಂದು ದೀಪಾನೂ ಇಲ್ವಾ?’ ಎಂದರು. ಯಾರೂ ಉತ್ತರ ಕೊಡಲಿಲ್ಲ.

2023ರ ಮುಂಗಾರು ಹಿಡಿದ ಒಂದು ಸಂಜೆ ಮಗ ಆಡುತ್ತಿದ್ದ. ಇದ್ದಕ್ಕಿದ್ದಂತೆ ಬಲ್ಬು ಕೆಂಪಗಾಯಿತು. ಸೀಲಿಂಗ್ ಫ್ಯಾನು ಸುಸ್ತಾಗಿ ತಿರುಗತೊಡಗಿತು. ಫ್ರಿಜ್ಜಿನ ಸ್ಟೆಬಿಲೈಸರು ಟಕ್ ಎಂದು ಕಡಿದುಕೊಂಡಿತು. ತೆರೆಯ ಮೇಲಿನ ಕಾರು ಮಾತ್ರ ಓಡುತ್ತಲೇ ಇತ್ತು. ಅಡುಗೆಮನೆಯಲ್ಲಿ ತಟತಟ ಸದ್ದು ಶುರುವಾದದ್ದೇ ಮಗ ಆಟ ನಿಲ್ಲಿಸಿ ಎದ್ದು ಹೋಗಿ, ಸೋರುವ ಕಡೆಗೆ ಪಾತ್ರೆ ಸರಿಸಿಟ್ಟು ಬಂದ. ‘ಈ ಸಲದ ಚೀಟಿ ತಾರಸಿಗೆ, ಈಗಲೇ ಹೇಳಿದ್ದೀನಿ’ ಎಂದಿತು ಒಳಗಿನ ದನಿ. ‘ಹೂಂ ಅಮ್ಮ’ ಎಂದ ಮಗ.

ಮೇಸ್ತ್ರಿ ತಗಡಿನ ಪೆಟ್ಟಿಗೆಯ ಹಿಂದೆ ಬಗ್ಗಿ, ಗಾಳಿ ಹೊರಬರುವ ಕಡೆ ಅಂಗೈ ಹಿಡಿದು ನಿಂತರು, ರಿಪೇರಿಯಾದ ಮೋಟಾರಿನ ಮೈ ಮುಟ್ಟಿ ನೋಡುವಂತೆ.

‘ಬಿಸಿಯಾಗಿಲ್ಲ. ಆಡ್ಕೋ’ ಎಂದರು.