ಬಕೆಟ್ ಖಾಲಿಯಾಯಿತು, ಸ್ಕೋರ್ ಇಳಿಯಲಿಲ್ಲ

ಪುಣೆಯ ವಿಮಾನ ನಗರದಲ್ಲಿ ಮನೆ ಮಾಡಿದ ಮೇಲೆ ಗಾಲ್ಫ್ ನನಗೆ ಹತ್ತಿರವಾಯಿತು. ಏರ್‌ಪೋರ್ಟ್ ರಸ್ತೆ ಹಿಡಿದು ಯೆರವಡಾ ಕಡೆ ಹೋದರೆ ಪೂನಾ ಕ್ಲಬ್‌ನ 18 ಹೋಲ್‌ಗಳ ಗಾಲ್ಫ್ ಕೋರ್ಸ್ ಇದೆ. ಗಾಲ್ಫ್ ಆಟಗಾರ ಅನಿರ್ಬನ್ ಲಾಹಿರಿ ಹುಟ್ಟಿದ್ದು ಪುಣೆಯಲ್ಲಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರ ಜೊತೆಗೆ ಭಾರತದ ಪರ ಆಡಿದ ಉದಯನ್ ಮಾನೆಯವರದೂ ಇದೇ ಊರು. ದಾವಣಗೆರೆಯ ಬೀದಿಗಳಲ್ಲಿ ಕ್ರಿಕೆಟ್ ಆಡಿ ಬೆಳೆದ ನನಗೆ, ಚೆಂಡನ್ನು ದೂರಕ್ಕೆ ಹೊಡೆಯುವ ಇನ್ನೊಂದು ಆಟ ಸಿಕ್ಕಿದಂತಾಯಿತು. ದೂರಕ್ಕೆ ಹೊಡೆಯುವುದೇ ಆಟ ಎಂದುಕೊಂಡದ್ದರಲ್ಲೇ ನಾನು ಎಡವಿದೆ.

ಕಚೇರಿ ಮುಗಿಸಿ ಅಭ್ಯಾಸದ ಮೈದಾನಕ್ಕೆ, ಅಂದರೆ ಡ್ರೈವಿಂಗ್ ರೇಂಜಿಗೆ ಹೋಗುವುದು ನನ್ನ ರೂಢಿಯಾಯಿತು. ಬಕೆಟ್ ತುಂಬ ಚೆಂಡು ಕೊಳ್ಳುತ್ತಿದ್ದೆ, ಚೀಲದಿಂದ ದೂರ ಹೊಡೆಯುವ ಕ್ಲಬ್ ಆದ ಡ್ರೈವರ್ ತೆಗೆದು ಒಂದಾದ ಮೇಲೊಂದು ಬಾರಿಸುತ್ತಿದ್ದೆ. ಮೊದಲ ಹತ್ತು ಅಡ್ಡಾದಿಡ್ಡಿ ಹೋದರೂ ಆಮೇಲೆ ಕೈ ಕುದುರುತ್ತಿತ್ತು. ಚೆಂಡು ದೂರದ ಫಲಕವನ್ನು ದಾಟಿದಾಗ ಆಗುತ್ತಿದ್ದ ಸಂತೋಷವನ್ನೇ ಪ್ರಗತಿ ಎಂದು ತಿಳಿದೆ. ಮನೆಯವರ ಭಾನುವಾರಗಳನ್ನೂ ಇದಕ್ಕೇ ಸುರಿದೆ. ಆದರೆ ನಿಜವಾದ ಕೋರ್ಸಿನಲ್ಲಿ, ಎಪ್ಪತ್ತರ ಆಸುಪಾಸಿನ ಹೊಡೆತಗಳಲ್ಲಿ ಮುಗಿಸಬೇಕಾದ ಆಟ ನನಗೆ ನೂರರ ಒಳಗೆ ಒಮ್ಮೆಯೂ ಮುಗಿಯಲಿಲ್ಲ.

ಒಮ್ಮೆ ಸಹೋದ್ಯೋಗಿಗಳೆಲ್ಲ ಜೋಡಿಗಳಾಗಿ ಪಂದ್ಯ ಆಡಿದೆವು. ನನ್ನ ಜೊತೆಗಾರ ಚೆನ್ನಾಗಿ ಆಡಿದರು. ನಾನು ಅವರ ಆಟವನ್ನೂ ಮುಳುಗಿಸಿದೆ. ಅವರು ಒಂದು ಮಾತೂ ಆಡದಿದ್ದುದು ನನಗೆ ಇನ್ನಷ್ಟು ನೋವು ಕೊಟ್ಟಿತು.

ಆ ದಿನ ನನ್ನ ಚೀಲ ಹೊತ್ತಿದ್ದ ಕ್ಯಾಡಿ ವಿಜಯಪುರ ಜಿಲ್ಲೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ಹಿರಿಯರು. ನಾನು ಕನ್ನಡದವನೆಂದು ತಿಳಿದ ಮೇಲೆ ಹಿಂದಿ ಬಿಟ್ಟಿದ್ದರು. "ಯಾಕೆ ಹೀಗಾಯ್ತು ಕಾಕಾ?" ಎಂದು ಕೇಳಿದೆ. "ಸರ, ರೇಂಜಿನ್ಯಾಗ ಒಂದು ಬಾಲ್ ಕೆಟ್ಟು ಹೋದ್ರ ಬಕೆಟ್ಟಿನ್ಯಾಗ ಇನ್ನೊಂದು ಇರ್ತೈತಿ. ಇಲ್ಲಿ ಇರೂದು ಒಂದ ಬಾಲ್. ನೀವು ಒಂದ ಬಾಲಿನ ಆಟ ಕಲತೇ ಇಲ್ಲ" ಎಂದರು.

ಅವರ ಮಾತಿನ ಹಿಂದೆ ಎಷ್ಟು ಅನುಭವವಿತ್ತೆಂದು ಆಮೇಲೆ ಓದುತ್ತಾ ಹೋದಂತೆ ತಿಳಿಯಿತು. ಗುಡ್ ಮತ್ತು ಮ್ಯಾಗಿಲ್ ಎಂಬ ಇಬ್ಬರು ಸಂಶೋಧಕರು 1986ರಲ್ಲಿ ಬ್ಯಾಡ್ಮಿಂಟನ್‌ನ ಮೂರು ಬಗೆಯ ಸರ್ವ್‌ಗಳ ಕಲಿಕೆಯ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಒಂದು ಗುಂಪು ಒಂದು ಸಲಕ್ಕೆ ಒಂದೇ ಬಗೆಯನ್ನು ಅಭ್ಯಾಸ ಮಾಡಿತು. ಇನ್ನೊಂದು ಗುಂಪು ಮೂರನ್ನೂ ಕಲಸಿ, ಯಾವುದರ ನಂತರ ಯಾವುದು ಎಂಬ ಕ್ರಮವಿಲ್ಲದೆ ಆಡಿತು. ಅಭ್ಯಾಸ ಮುಗಿದ ಮೇಲೆ ಪರೀಕ್ಷಿಸಿದಾಗ ಕಲಸಿ ಆಡಿದವರೇ ಮುಂದಿದ್ದರು. ಅಂಕಣದ ಬದಿ ಬದಲಿಸಿದಾಗಲೂ ಅವರೇ ಮುಂದು. ಪ್ರತಿ ಸಲ ಹೊಸದಾಗಿ ಯೋಚಿಸಿ ಹೊಡೆಯಬೇಕಾದಾಗ ಕಲಿಕೆ ಗಟ್ಟಿಯಾಗುತ್ತದೆ. ನಾನಾದರೋ ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಬರೆದು ಪರೀಕ್ಷೆಗೆ ಹೋದ ಹುಡುಗನಂತಿದ್ದೆ.

ರೇಂಜಿನ ಮ್ಯಾಟು ಕೂಡ ನನ್ನ ತಪ್ಪನ್ನು ಮುಚ್ಚಿಟ್ಟಿತ್ತು. ಹೊಡೆತ ಚೆಂಡಿಗಿಂತ ಎರಡಂಗುಲ ಹಿಂದೆ ಬಿದ್ದರೂ ಕ್ಲಬ್ ಮ್ಯಾಟಿನ ಮೇಲೆ ಜಾರಿ ಚೆಂಡನ್ನು ಎತ್ತಿ ಹಾಕುತ್ತದೆ. ಹುಲ್ಲಿನ ಮೇಲೆ, ಅದರಲ್ಲೂ ಪುಣೆಯ ಮಳೆಗಾಲದ ನೆಂದ ನೆಲದಲ್ಲಿ, ಅದೇ ಹೊಡೆತಕ್ಕೆ ಕ್ಲಬ್ ಮಣ್ಣಿನಲ್ಲಿ ಹೂತು ಚೆಂಡು ನಾಲ್ಕು ಮಾರು ಹೋಗಿ ನಿಲ್ಲುತ್ತದೆ.

ಆಮೇಲೆ ನಾನು ಮಾಡಿದ ಮೊದಲ ಕೆಲಸ ಲೆಕ್ಕ ಬರೆಯುವುದು. ಪ್ರತಿ ಹೋಲ್‌ನಲ್ಲೂ ಹೊಡೆತ ಎಲ್ಲಿ ವ್ಯರ್ಥವಾಯಿತು ಎಂದು ಸ್ಕೋರ್ ಕಾರ್ಡಿನ ಅಂಚಿನಲ್ಲೇ ಗುರುತು ಹಾಕತೊಡಗಿದೆ. ಎರಡು ಸಂಗತಿ ಎದ್ದು ಕಂಡವು. ಮೊದಲನೆಯದು, ಗಡಿಯಾಚೆ ಹೋದ ಡ್ರೈವ್‌ಗಳು. ಚೆಂಡು ಗಡಿ ದಾಟಿದರೆ ಒಂದು ಹೊಡೆತದ ದಂಡ ತೆತ್ತು, ಹೊಡೆದ ಜಾಗದಿಂದಲೇ ಮತ್ತೆ ಹೊಡೆಯಬೇಕು. ಮುಂದೆ ಹೊಡೆಯುವುದು ಮೂರನೆಯದಾಗುತ್ತದೆ. ಎರಡನೆಯದು, ಹೋಲ್ ಸುತ್ತಲಿನ ನುಣುಪು ಹುಲ್ಲಿನ ಗ್ರೀನ್ ಮುಟ್ಟಿದ ಮೇಲೂ ಮೂರು ಪಟ್ (ಚೆಂಡನ್ನು ಉರುಳಿಸುವ ಹೊಡೆತ) ತೆಗೆದುಕೊಳ್ಳುತ್ತಿದ್ದುದು. ಪಟರ್ ಹಿಡಿದು ನಾನು ಅಭ್ಯಾಸವನ್ನೇ ಮಾಡಿರಲಿಲ್ಲ.

ಹಾಗೆಂದು ಪಟಿಂಗ್ ಒಂದೇ ಎಲ್ಲಕ್ಕೂ ಮದ್ದು ಎಂದು ನಾನು ಹೇಳಲಾರೆ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರೋಡಿ 2014ರಲ್ಲಿ ಬರೆದ ಪುಸ್ತಕದಲ್ಲಿ, ಒಳ್ಳೆಯ ಆಟಗಾರರಿಗೂ ಸಾಧಾರಣ ಆಟಗಾರರಿಗೂ ಇರುವ ಅಂತರದ ಸುಮಾರು ಮೂರನೇ ಎರಡು ಪಾಲು 100 ಗಜಕ್ಕಿಂತ ದೂರದ ಹೊಡೆತಗಳಿಂದಲೇ ಬರುತ್ತದೆ ಎಂದು ಅಂಕಿಅಂಶಗಳಿಂದ ತೋರಿಸಿದ್ದಾರೆ. ವೃತ್ತಿಪರರೇ ಎಂಟು ಅಡಿಯ ಪಟ್‌ಗಳಲ್ಲಿ ಅರ್ಧದಷ್ಟನ್ನು ಮಾತ್ರ ಹೋಲ್‌ಗೆ ಇಳಿಸುತ್ತಾರೆ. ಇನ್ನೊಂದು ಕಡೆ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಇದ್ದಾರೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ತಮಗಿಂತ ಬಹಳ ದೂರ ಹೊಡೆಯುವವರ ನಡುವೆ ಆಡಿ, ಪಟರ್‌ನ ಬಲದಿಂದಲೇ ನಾಲ್ಕನೆಯವರಾದರು. ಪದಕ ತಪ್ಪಿದ್ದು ಒಂದೇ ಹೊಡೆತದಿಂದ. ಒಬ್ಬೊಬ್ಬರ ಹೊಡೆತ ಒಂದೊಂದು ಕಡೆ ಸೋರುತ್ತದೆ, ಅದನ್ನು ಅವರವರ ಕಾರ್ಡೇ ಹೇಳಬೇಕು.

ಈಗ ನಾನು ಕೊಳ್ಳುವುದು ಸಣ್ಣ ಬಕೆಟ್. ಪ್ರತಿ ಚೆಂಡಿಗೂ ಕ್ಲಬ್ ಬದಲಿಸುತ್ತೇನೆ, ಗುರಿ ಬದಲಿಸುತ್ತೇನೆ. ಚೆಂಡಿನ ಹಿಂದೆ ನಿಂತು ದಾರಿ ನೋಡಿಕೊಂಡು, ಕೋರ್ಸಿನಲ್ಲಿದ್ದಂತೆಯೇ ಹೊಡೆಯುತ್ತೇನೆ. ಒಂದು ಹೋಲ್ ಮನಸ್ಸಿನಲ್ಲಿಟ್ಟುಕೊಂಡು ಮೊದಲು ಡ್ರೈವರ್, ಆಮೇಲೆ ಐರನ್, ಕೊನೆಗೆ ವೆಜ್. ಉಳಿದ ಸಮಯವೆಲ್ಲ ಪಟಿಂಗ್ ಗ್ರೀನ್‌ಗೆ, ಅದೂ ಒಂದೇ ಚೆಂಡಿನಲ್ಲಿ. ದೂರದ ಪಟ್‌ನಲ್ಲಿ ಚೆಂಡನ್ನು ಹೋಲ್‌ನ ಹತ್ತಿರ ನಿಲ್ಲಿಸುವ ವೇಗವನ್ನು ಕೈಗೆ ಕಲಿಸುತ್ತೇನೆ. ಆಮೇಲೆ ಉಳಿದ ಒಂದು ಮೀಟರನ್ನು ಆಡಿ ಮುಗಿಸುತ್ತೇನೆ. ಇಕ್ಕಟ್ಟಾದ ಹೋಲ್‌ಗಳಲ್ಲಿ ಡ್ರೈವರ್ ಹೊರಗೆ ತೆಗೆಯುವುದಿಲ್ಲ.

ಈ ಅಭ್ಯಾಸ ಮೊದಮೊದಲು ಬೇಸರ ತರಿಸಿತು. ರೇಂಜಿನಲ್ಲಿ ನನ್ನ ಹೊಡೆತಗಳು ಹಿಂದಿಗಿಂತ ಕೆಟ್ಟದಾಗಿ ಕಂಡವು. ಆದರೆ ಕೋರ್ಸಿನಲ್ಲಿ ಸ್ಕೋರ್ ನಿಧಾನವಾಗಿ ಇಳಿಯಿತು, ನೂರರ ಗೋಡೆ ಒಡೆಯಿತು. ಮನೆಯವರಿಗೆ ಅವರ ಭಾನುವಾರಗಳೂ ಮರಳಿ ಸಿಕ್ಕವು.

ಬೆವರು ಹರಿಸಿದ್ದೆಲ್ಲ ಅಭ್ಯಾಸವಲ್ಲ. ನೀವು ಗಾಲ್ಫ್ ಕಲಿಯುತ್ತಿದ್ದರೆ ನನ್ನದೊಂದು ಕೋರಿಕೆ: ಮುಂದಿನ ಬಕೆಟ್ ಕೊಳ್ಳುವ ಮೊದಲು ಹಿಂದಿನ ಆಟದ ಕಾರ್ಡನ್ನು ಮುಂದಿಟ್ಟುಕೊಂಡು, ಹೊಡೆತ ಎಲ್ಲಿ ಕಳೆದಿರಿ ಎಂದು ಬರೆಯಿರಿ. ಆಮೇಲೆ, ಚೆನ್ನಾಗಿ ಬರುವುದನ್ನು ಬಿಟ್ಟು, ಅಲ್ಲಿ ಬರೆದದ್ದನ್ನೇ ಅಭ್ಯಾಸ ಮಾಡಿ.