ಸ್ಟೆಲ್ವಿಯೊ ಘಾಟಿಯಲ್ಲಿ ಹಳೆಯ ಕಾರು

ಇಟಲಿಯ ಆಲ್ಪ್ಸ್ ಪರ್ವತಗಳ ಸ್ಟೆಲ್ವಿಯೊ ಘಾಟಿಯ ನೆತ್ತಿ 2,757 ಮೀಟರ್ ಎತ್ತರದಲ್ಲಿದೆ. 1825ರಲ್ಲಿ ಸಂಚಾರಕ್ಕೆ ತೆರೆದ ಈ ರಸ್ತೆಯಲ್ಲಿ ಪ್ರಾಟೊ ಊರಿನ ಕಡೆಯಿಂದ 48 ಹೇರ್‌ಪಿನ್ ತಿರುವುಗಳು. 1961ರಲ್ಲಿ ಬಂದ ಜಾಗ್ವಾರ್ ಇ-ಟೈಪ್‌ನಂಥ ಹಳೆಯ ಸ್ಪೋರ್ಟ್ಸ್ ಕಾರುಗಳಿಗೆ ಇದು ಅಗ್ನಿಪರೀಕ್ಷೆಯೇ ಸರಿ. ಏರಿನಲ್ಲಿ ಎಂಜಿನ್ನಿಗೆ ದುಡಿಮೆ ಹೆಚ್ಚು. ವೇಗ ತಗ್ಗುವುದರಿಂದ ರೇಡಿಯೇಟರಿಗೆ ಗಾಳಿ ಕಡಿಮೆ. ನೆತ್ತಿಯಲ್ಲಂತೂ ತೆರೆದ ಪಾತ್ರೆಯ ನೀರು ಸುಮಾರು 91 ಡಿಗ್ರಿಗೇ ಕುದಿಯುತ್ತದೆ. ಪ್ರೆಷರ್ ಕುಕ್ಕರಿನಂತೆ ಒತ್ತಡ ಹಿಡಿದಿಟ್ಟು ಕುದಿತವನ್ನು ತಡೆಯುವುದು ರೇಡಿಯೇಟರ್ ಮುಚ್ಚಳ. ಮುಳ್ಳು ಕೆಂಪಿನತ್ತ ಸರಿದರೆ ಬಲ್ಲ ಚಾಲಕರು ಬೇಸಿಗೆಯಲ್ಲೂ ಹೀಟರ್ ಹಾಕುತ್ತಾರೆ. ಎಂಜಿನ್ನಿನ ಶಾಖ ಒಂದಿಷ್ಟು ಅಲ್ಲಿ ಹೊರಬೀಳುತ್ತದೆ. ಅದಕ್ಕೂ ಬಗ್ಗದಿದ್ದರೆ ಬದಿಗೆ ನಿಲ್ಲಿಸಿ ಕಾಯುವುದೊಂದೇ ದಾರಿ. ಅವಸರಪಟ್ಟು ಮುಚ್ಚಳ ತೆರೆದರೆ ಬಿಸಿನೀರು ಚಿಮ್ಮಿ ಮುಖ ಬೆಂದೀತು. ಕಾಯುವವರಿಗೆ ಹಿಮ ಹೊದ್ದ ಆರ್ಟ್ಲರ್ ಶಿಖರದ ನೋಟವಂತೂ ಇದ್ದೇ ಇದೆ.