ಮೈನರಿನ ಮುಂಗಾಲು

ಬಸವನಗುಡಿಯ ನಿವೃತ್ತ ಗೃಹಸ್ಥರೊಬ್ಬರ ಮನೆಯಲ್ಲಿ ತಂದೆಯ ಕಾಲದ ಮಾರಿಸ್ ಮೈನರ್ ಇದೆ. ಅದನ್ನು ಮಾರಿಬಿಡಬೇಕೆಂಬುದು ಮಕ್ಕಳ ಪಕ್ಷ. ಉಸಿರಿರುವವರೆಗೆ ಕೂಡದೆಂಬುದು ಯಜಮಾನರ ಪಕ್ಷ. ಗೃಹಿಣಿ ಎರಡರಲ್ಲೂ ಸೇರಿದವರಲ್ಲ. ಆದರೆ “ಏನೂಂದ್ರೆ, ತಿರುವಿನಲ್ಲಿ ಎಡಗಡೆ ಏನೋ ಟಕ್ ಅಂತಲ್ಲಾ?” ಎಂದು ಮೊದಲು ಕೇಳಿದವರು ಅವರೇ. ಹಳೆಯ ವಾಹನವುಳ್ಳವರು ಇಂತಹ ಕಿವಿಗೆ ಬೆಲೆ ಕೊಡಬೇಕು.

1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಬೆಳಕು ಕಂಡ ಈ ಕಾರಿನ ಮುಂದಿನ ಚಕ್ರಗಳಿಗೆ ವಿನ್ಯಾಸಕ ಅಲೆಕ್ ಇಸಿಗೋನಿಸ್ ಸುರುಳಿ ಸ್ಪ್ರಿಂಗನ್ನು ಕೊಡಲಿಲ್ಲ. ಉದ್ದನೆಯ ಉಕ್ಕಿನ ಸಲಾಕೆಗಳನ್ನು ಕೊಟ್ಟ. ಚಕ್ರ ಏರಿಳಿದಂತೆಲ್ಲ ಸಲಾಕೆ, ಒದ್ದೆ ಬಟ್ಟೆಯನ್ನು ಹಿಂಡಿದ ಹಾಗೆ, ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಇದೇ ಟಾರ್ಶನ್ ಬಾರ್. ಹಿಂದುಗಡೆ ಮಾತ್ರ ಜಟಕಾಗಾಡಿಯ ನೆನಪು ತರುವ ಕಮಾನು ಪಟ್ಟಿಗಳೇ. 1950ರ ದಶಕದಲ್ಲಿ ಹಿಂದೂಸ್ತಾನ್ ಮೋಟರ್ಸ್ ಇದನ್ನೇ ‘ಬೇಬಿ ಹಿಂದೂಸ್ತಾನ್’ ಎಂದು ಮಾರಿತು.

ಸಲಾಕೆಗೆ ಅಷ್ಟು ಬೇಗ ಮುಪ್ಪಿಲ್ಲ. ಮುಪ್ಪು ಬರುವುದು ಟ್ರನಿಯನ್ನಿಗೆ. ಚಕ್ರವನ್ನು ಹೊತ್ತು ನಿಂತ ಗೂಟದ ಮೇಲ್ತುದಿ, ಕೆಳತುದಿಗಳಲ್ಲಿ ಬೋಲ್ಟಿನಂತೆ ಮರೆ ಕೊರೆದಿದೆ. ಆ ಮರೆ ಕೂರುವ ಮನೆಯೇ ಟ್ರನಿಯನ್. ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಲೋಹಕ್ಕೆ ಲೋಹ ಉಜ್ಜುತ್ತದೆ. ನಡುವೆ ಗ್ರೀಸ್ ಇಲ್ಲವಾದರೆ ಮರೆಯ ಅಂಚು ಮೊದಲು ಕತ್ತಿಯಲಗಾಗಿ, ಕಡೆಗೆ ನುಣುಪಾಗುತ್ತದೆ. ಆಮೇಲೊಂದು ದಿನ ಕೆಳಗಿನ ಗೂಟ ಜಾರಿ ಹೊರಬಂದು, ಚಕ್ರ ಮಡ್‌ಗಾರ್ಡಿನೊಳಗೆ ಮಡಿಸಿಕೊಳ್ಳುತ್ತದೆ. ಎಷ್ಟೋ ಸಲ ಇದು ನಡೆಯುವುದು ಗೇಟಿನ ಬಳಿ ನಿಧಾನವಾಗಿ ತಿರುಗುವಾಗ. ಎಲ್ಲರ ಅದೃಷ್ಟವೂ ಗೇಟಿನ ಬಳಿಯೇ ಕೆಡುವುದೆಂಬ ಭರವಸೆಯಿಲ್ಲ.

“ಗ್ರೀಸ್ ಹೊಡೆದ್ರೆ ಸಾಕು ಸಾರ್, ಇನ್ನೆರಡು ವರ್ಷ ಓಡುತ್ತೆ,” ಎಂದ ಗ್ಯಾರೇಜಿನ ಹುಡುಗ. ಸುಳ್ಳಲ್ಲದ ಮಾತು, ಆದರೆ ಅಪಾಯದ ಮಾತು. ಗಟ್ಟಿ ಗ್ರೀಸ್ ಸವೆದ ಸಂದನ್ನು ತುಂಬಿ ಸದ್ದನ್ನಡಗಿಸುತ್ತದೆ. ಸವೆದ ಲೋಹ ಮರಳಿ ಬರುವುದಿಲ್ಲ. ಯಜಮಾನರು ಒಪ್ಪದೆ, ಕಾರನ್ನು ಜಾಕಿಯ ಮೇಲೆತ್ತಿಸಿ, ಚಕ್ರದ ಕೆಳಗೆ ಹಾರೆ ಕೊಟ್ಟು ಮೀಟಿಸಿದರು. ಚಕ್ರ ತೋಳಿನೊಡನೆ ಏಳದೆ ತಾನೇ ಮೇಲೆ ಕೆಳಗೆ ಆಡಿತು. ಮಕ್ಕಳೂ ಬಾಗಿ ನೋಡಿ ಸುಮ್ಮನಾದರು.

ಹೊಸ ಭಾಗಕ್ಕಾಗಿ ಜೆ.ಸಿ. ರಸ್ತೆಯ ಅಂಗಡಿಗಳನ್ನು ಸುತ್ತಿದ್ದು ಒಂದು ಕಥೆ, ಅದು ಬೇಡ. ಗೂಟ, ಟ್ರನಿಯನ್ ಎರಡನ್ನೂ ಒಟ್ಟಿಗೆ ಬದಲಿಸಿದರು. ಸವೆದ ಗೂಟಕ್ಕೆ ಹೊಸ ಮನೆ ಕಟ್ಟಿದರೆ ಆ ಮನೆಯೂ ಬೇಗ ಹಾಳು. ಬಲಗಡೆಯದನ್ನೂ ಬಿಡಲಿಲ್ಲ, ಅದೂ ಅಷ್ಟೇ ಮೈಲಿ ಓಡಿದ್ದಲ್ಲವೆ? ಎಡದ್ದು ಬಲಕ್ಕೆ ಕೂರದು, ಮರೆಯ ಸುತ್ತು ಒಂದಕ್ಕೊಂದು ತಿರುಗುಮುರುಗು. ಸಲಾಕೆಗಳನ್ನು ಬಿಚ್ಚುವಾಗಲೂ ಎಡ ಬಲ ಗುರುತು ಹಾಕಬೇಕು. ಒಂದು ದಿಕ್ಕಿಗೆ ತಿರುಚಿ ಪಳಗಿದ ಉಕ್ಕನ್ನು ಇನ್ನೊಂದು ದಿಕ್ಕಿಗೆ ತಿರುಚಿದರೆ ಅದು ಮುರಿಯಬಹುದು.

ಕೊನೆಯಲ್ಲಿ ಚಕ್ರ ನೆಲಕ್ಕೆ ತಾಗದೆ ತೂಗುತ್ತಿರುವಾಗಲೇ ಗ್ರೀಸ್ ಗನ್ ಹಿಡಿಸಿದರು. ಭಾರ ಬಿದ್ದ ಮೇಲೆ ಹೊಡೆದರೆ ಅದು ಒತ್ತಿಕೊಂಡ ಬದಿಗೆ ಸರಿಯಾಗಿ ತಲಪದು. ಮೇಲಿನ ನಿಪ್ಪಲ್‌ಗೊಮ್ಮೆ, ಕೆಳಗಿನದಕ್ಕೊಮ್ಮೆ, ಹೊಸ ಗ್ರೀಸ್ ಅಂಚಿನಿಂದ ಉಕ್ಕಿ ಕಾಣುವವರೆಗೆ.